ಕೊಲೊರಾಡೊ ಪ್ರಸ್ಥಭೂಮಿಯ ಕಮರಿಗಳಲ್ಲಿ ಶರತ್ಕಾಲ: ಗೈಡ್ ಜೊತೆಗಿನ ಪ್ರವಾಸದ ಒಳಲೆಕ್ಕ

ಅಕ್ಟೋಬರ್ ತಿಂಗಳ ನಡುವಿನ ಒಂದು ಸಾಧಾರಣ ದಿನವನ್ನು ತೆಗೆದುಕೊಳ್ಳೋಣ. ಅಮೆರಿಕದ ಯೂಟಾ ರಾಜ್ಯದಲ್ಲಿರುವ ಬ್ರೈಸ್ ಕ್ಯಾನ್ಯನ್ ರಾಷ್ಟ್ರೀಯ ಉದ್ಯಾನದ ಅಂಚಿನಲ್ಲಿ ಸೂರ್ಯೋದಯಕ್ಕಾಗಿ ಕಾದು ನಿಂತವರು ಉಣ್ಣೆಯ ಟೋಪಿ, ಕೈಗವಸು ಹಾಕಿಕೊಂಡೂ ನಡುಗುತ್ತಿರುತ್ತಾರೆ. ಉಷ್ಣಾಂಶ ಸೊನ್ನೆಗಿಂತ ಒಂದೆರಡು ಡಿಗ್ರಿ ಕೆಳಗೇ ಇರುತ್ತದೆ. ಅದೇ ದಿನ ಮಧ್ಯಾಹ್ನ, ಅಲ್ಲಿಂದ ನೇರ ದೂರದಲ್ಲಿ ಇನ್ನೂರು ಕಿಲೋಮೀಟರೂ ಆಗದ ಗ್ರ್ಯಾಂಡ್ ಕ್ಯಾನ್ಯನ್‌ನ ತಳದಲ್ಲಿ, ನದಿಯ ಬದಿಗೆ ನಡೆಯುತ್ತಿರುವವರು 29 ಡಿಗ್ರಿ ಸೆಲ್ಸಿಯಸ್ ಆಸುಪಾಸಿನ ಬಿಸಿಲಿನಲ್ಲಿ ಬೆವರು ಒರೆಸಿಕೊಳ್ಳುತ್ತಿರುತ್ತಾರೆ. ಪ್ರವಾಸ ಕಂಪನಿಗಳ ಕಾರ್ಯಕ್ರಮ ಪಟ್ಟಿಯಲ್ಲಿ ಈ ಎರಡೂ ಸ್ಥಳಗಳು ಒಂದೇ ವಾರದೊಳಗೆ, ಕೆಲವೊಮ್ಮೆ ಎರಡು ದಿನಗಳ ಅಂತರದಲ್ಲಿ ಬರುತ್ತವೆ. ಯಾವ ಬಟ್ಟೆ ಕಟ್ಟಿಕೊಳ್ಳಬೇಕು, ಯಾವ ಸ್ಥಳಕ್ಕೆ ಯಾವಾಗ ಹೋಗಬೇಕು, ಕೆಲವು ಕಡೆ ಗೈಡ್ ಇಲ್ಲದೆ ಒಳಗೆ ಬಿಡುವುದೇ ಇಲ್ಲವೇಕೆ ಎಂಬ ಪ್ರಶ್ನೆಗಳಿಗೆ ಆ ಪಟ್ಟಿಯಲ್ಲಿ ಉತ್ತರವಿರುವುದಿಲ್ಲ. ಆದರೆ ಆ ನೆಲದ ರಚನೆಯನ್ನು ಸ್ವಲ್ಪ ಅರಿತರೆ ಇವುಗಳಲ್ಲಿ ಬಹುಪಾಲು ಪ್ರಶ್ನೆಗಳು ತಾವಾಗಿಯೇ ಬಗೆಹರಿಯುತ್ತವೆ.

ಈ ಎಲ್ಲ ಕಮರಿಗಳೂ ಇರುವುದು ಕೊಲೊರಾಡೊ ಪ್ರಸ್ಥಭೂಮಿಯಲ್ಲಿ. ಯೂಟಾ, ಅರಿಜೋನಾ, ಕೊಲೊರಾಡೊ ಮತ್ತು ನ್ಯೂ ಮೆಕ್ಸಿಕೊ ರಾಜ್ಯಗಳಲ್ಲಿ ಹರಡಿಕೊಂಡಿರುವ ಈ ಪ್ರದೇಶದ ವಿಸ್ತೀರ್ಣ ಸುಮಾರು 3,37,000 ಚದರ ಕಿಲೋಮೀಟರ್, ಅಂದರೆ ಕರ್ನಾಟಕದ ಒಂದೂಮುಕ್ಕಾಲು ಪಟ್ಟು. ಕೋಟ್ಯಂತರ ವರ್ಷಗಳ ಕಾಲ ಸಮುದ್ರ, ಜೌಗು, ಮರಳುಗಾಡುಗಳು ಒಂದರ ಮೇಲೊಂದು ಬಂದು ಹೋದ ಈ ತಗ್ಗು ನೆಲದಲ್ಲಿ ಪದರ ಪದರವಾಗಿ ಕಲ್ಲು ಕಟ್ಟಿತು. ಸುಮಾರು ಏಳು ಕೋಟಿ ವರ್ಷಗಳ ಹಿಂದೆ ಭೂಪದರಗಳ ಒತ್ತಡಕ್ಕೆ ಸಿಕ್ಕಿ ಈ ಇಡೀ ನೆಲ ಮೇಲೇಳಲು ಆರಂಭಿಸಿತು. ಇಲ್ಲಿ ಗಮನಿಸಬೇಕಾದ ಸಂಗತಿಯೆಂದರೆ, ಹಿಮಾಲಯದಂತೆ ಮುರುಟಿ ಮಡಿಚಿಕೊಳ್ಳದೆ ಪದರಗಳು ಹೆಚ್ಚುಕಡಿಮೆ ಸಮತಟ್ಟಾಗಿಯೇ ಎದ್ದು ನಿಂತವು. ನೆಲ ಎತ್ತರಕ್ಕೆ ಬಂದಷ್ಟೂ ನದಿಗಳ ಇಳಿಜಾರು ಹೆಚ್ಚಿತು, ಇಳಿಜಾರು ಹೆಚ್ಚಿದಷ್ಟೂ ಕೊರೆತ ಹೆಚ್ಚಿತು. ಗ್ರ್ಯಾಂಡ್ ಕ್ಯಾನ್ಯನ್ ಅನ್ನು ಕೊಲೊರಾಡೊ ನದಿ ಇಂದಿನ ರೂಪಕ್ಕೆ ಕೊರೆದದ್ದು ಬಹುಮಟ್ಟಿಗೆ ಕಳೆದ 50–60 ಲಕ್ಷ ವರ್ಷಗಳಲ್ಲಿ. ಕಲ್ಲಿನ ವಯಸ್ಸಿಗೆ ಹೋಲಿಸಿದರೆ ಇದು ನಿನ್ನೆಯ ಕೆಲಸ.

ಪ್ರಸ್ಥಭೂಮಿಯ ನೈರುತ್ಯ ಭಾಗವನ್ನು ಭೂವಿಜ್ಞಾನಿಗಳು ಗ್ರ್ಯಾಂಡ್ ಸ್ಟೇರ್‌ಕೇಸ್ ಎಂದು ಕರೆಯುತ್ತಾರೆ. ನಿಜವಾಗಿಯೂ ಅದೊಂದು ಮೆಟ್ಟಿಲ ಸಾಲು. ಬ್ರೈಸ್‌ನ ತಳದಲ್ಲಿ ಕಾಣುವ ಕಲ್ಲಿನ ಪದರ ಯೂಟಾದ ಇನ್ನೊಂದು ಉದ್ಯಾನವಾದ ಜಾಯನ್‌ನ ತುದಿಯಲ್ಲಿ ಮತ್ತೆ ಕಾಣಿಸುತ್ತದೆ. ಜಾಯನ್‌ನ ತಳದ ಪದರವೇ ಗ್ರ್ಯಾಂಡ್ ಕ್ಯಾನ್ಯನ್‌ನ ಮೇಲಂಚು. ಬ್ರೈಸ್‌ನ ಗುಲಾಬಿ ಕಲ್ಲು ಸುಮಾರು 5 ಕೋಟಿ ವರ್ಷ ಹಳೆಯದು. ಜಾಯನ್‌ನ ಆರುನೂರು ಮೀಟರ್ ಎತ್ತರದ ಗೋಡೆಗಳಾಗಿ ನಿಂತಿರುವ ನವಾಹೊ ಮರಳುಗಲ್ಲು 18 ಕೋಟಿ ವರ್ಷಕ್ಕೂ ಹಿಂದಿನ ಮರಳುದಿಬ್ಬಗಳು ಗಟ್ಟಿಯಾದದ್ದು. ಗ್ರ್ಯಾಂಡ್ ಕ್ಯಾನ್ಯನ್‌ನ ಅಂಚಿನ ಕೈಬಾಬ್ ಸುಣ್ಣಕಲ್ಲಿಗೆ 27 ಕೋಟಿ ವರ್ಷ. ಅಲ್ಲಿಂದ ತಳಕ್ಕೆ ಇಳಿದರೆ ನದಿಯ ಇಕ್ಕೆಲದಲ್ಲಿ ಸಿಗುವ ಕಪ್ಪು ಹೊಳಪಿನ ಶಿಲೆಯ ವಯಸ್ಸು ಸುಮಾರು 170 ಕೋಟಿ ವರ್ಷ. ಬ್ರೈಸ್‌ನಿಂದ ಆರಂಭಿಸಿ ಜಾಯನ್ ಮೂಲಕ ಗ್ರ್ಯಾಂಡ್ ಕ್ಯಾನ್ಯನ್‌ನ ನದಿಯವರೆಗೆ ಹೋಗುವ ಪ್ರವಾಸಿಗ ಒಂದೇ ಮೆಟ್ಟಿಲಸಾಲನ್ನು ಮೇಲಿನಿಂದ ಕೆಳಕ್ಕೆ ಇಳಿಯುತ್ತಿರುತ್ತಾನೆ. ಈ ಮಾತನ್ನು ಮೊದಲ ದಿನವೇ ಹೇಳುವ ಗೈಡ್ ಸಿಕ್ಕರೆ ಉಳಿದ ದಿನಗಳೆಲ್ಲ ಬೇರೆಯಾಗಿಯೇ ಕಾಣುತ್ತವೆ.

ಆ ತಳದ ಕಪ್ಪು ಶಿಲೆಯ ಹೆಸರು ವಿಷ್ಣು ಶಿಸ್ಟ್. ಅದರ ಸಂಗಡಿಗ ಶಿಲೆಗಳು ಬ್ರಹ್ಮ ಮತ್ತು ರಾಮ. ಕಮರಿಯೊಳಗೆ ಗೋಪುರದಂತೆ ನಿಂತ ಬಂಡೆಗಳಿಗೆ ವಿಷ್ಣು ಟೆಂಪಲ್, ಶಿವ ಟೆಂಪಲ್, ಬ್ರಹ್ಮ ಟೆಂಪಲ್, ಕೃಷ್ಣ ಶ್ರೈನ್ ಎಂಬ ಹೆಸರುಗಳಿವೆ. ನಮ್ಮವರು ಯಾರೋ ಹೋಗಿ ಇಟ್ಟದ್ದಲ್ಲ. 1880ರ ಸುಮಾರಿನಲ್ಲಿ ಇಲ್ಲಿ ಸಮೀಕ್ಷೆ ನಡೆಸಿದ ಅಮೆರಿಕದ ಭೂವಿಜ್ಞಾನಿ ಕ್ಲಾರೆನ್ಸ್ ಡಟನ್ ಆರಂಭಿಸಿದ ಪದ್ಧತಿ ಇದು. ಪೂರ್ವದೇಶದ ದೇವಾಲಯಗಳ ಶಿಖರಗಳನ್ನು ಈ ಬಂಡೆಗಳ ಆಕಾರ ಅವರಿಗೆ ನೆನಪಿಸಿತ್ತು. ಕಮರಿಯ ದಕ್ಷಿಣದ ಅಂಚಾದ ಸೌತ್ ರಿಮ್‌ನ ವೀಕ್ಷಣಾ ಕಟ್ಟೆಗಳಲ್ಲಿ ಭಾರತೀಯ ಕುಟುಂಬವೊಂದು ಕಂಡರೆ ಅನೇಕ ಗೈಡ್‌ಗಳು ಈ ಹೆಸರುಗಳಿಂದಲೇ ಮಾತು ತೆಗೆಯುತ್ತಾರೆ. ಅದು ಒಳ್ಳೆಯದೇ, ಆದರೆ ಅಲ್ಲಿಗೇ ನಿಲ್ಲಿಸಿದರೆ ನಷ್ಟ. ವಿಷ್ಣು ಶಿಲೆಯ ಮೇಲೆ ಬಹಳ ಕಡೆ ನೇರವಾಗಿ ಕುಳಿತಿರುವ ಮರಳುಗಲ್ಲು ಅದಕ್ಕಿಂತ ನೂರು ಕೋಟಿ ವರ್ಷಕ್ಕೂ ಹೆಚ್ಚು ಕಿರಿಯದು. ನಡುವಿನ ಅಷ್ಟೂ ಕಾಲದ ಕಲ್ಲು ಸವೆದು ಕೊಚ್ಚಿಹೋಗಿದೆ. ಅಂಗೈ ಅಗಲದ ಒಂದು ಗೆರೆಯಲ್ಲಿ ಅಷ್ಟು ವರ್ಷಗಳು ಮಾಯವಾಗಿರುವುದನ್ನು ದೂರದರ್ಶಕದಲ್ಲಿ ತೋರಿಸಿಕೊಡುವ ಗೈಡ್‌ಗೆ ಕೊಟ್ಟ ಹಣ ಸಾರ್ಥಕ.

ಎತ್ತರದ ಮಾತಿಗೆ ಮರಳೋಣ. ಬ್ರೈಸ್‌ನ ಅಂಚು ಸಮುದ್ರಮಟ್ಟದಿಂದ 2,400ರಿಂದ 2,780 ಮೀಟರ್ ಎತ್ತರದಲ್ಲಿದೆ. ಗ್ರ್ಯಾಂಡ್ ಕ್ಯಾನ್ಯನ್‌ನ ಸೌತ್ ರಿಮ್ ಸುಮಾರು 2,100 ಮೀಟರ್. ಕರ್ನಾಟಕದ ಅತಿ ಎತ್ತರದ ಶಿಖರವಾದ ಮುಳ್ಳಯ್ಯನಗಿರಿ ಇವೆರಡಕ್ಕಿಂತಲೂ ತಗ್ಗು ಎಂಬುದನ್ನು ನೆನೆದರೆ ಅಲ್ಲಿಯ ಚಳಿಯ ಅಂದಾಜು ಸಿಗುತ್ತದೆ. ಜಾಯನ್ ಕಮರಿಯ ತಳ ಸುಮಾರು 1,200 ಮೀಟರ್, ಗ್ರ್ಯಾಂಡ್ ಕ್ಯಾನ್ಯನ್‌ನ ತಳದಲ್ಲಿರುವ ಫ್ಯಾಂಟಮ್ ರ‍್ಯಾಂಚ್ ಸುಮಾರು 750 ಮೀಟರ್. ಒಣ ಹವೆಯಲ್ಲಿ ಪ್ರತಿ ನೂರು ಮೀಟರ್ ಏರಿಕೆಗೆ ಉಷ್ಣಾಂಶ ಸರಿಸುಮಾರು ಒಂದು ಡಿಗ್ರಿ ಇಳಿಯುತ್ತದೆ. ಹೀಗಾಗಿ ಇಲ್ಲಿ ಋತುವನ್ನು ನಿರ್ಧರಿಸುವುದು ಕ್ಯಾಲೆಂಡರ್‌ಗಿಂತ ಹೆಚ್ಚಾಗಿ ನಿಂತ ಜಾಗದ ಎತ್ತರ. ಅಕ್ಟೋಬರ್‌ನಲ್ಲಿ ಸೌತ್ ರಿಮ್‌ನ ಹಗಲು ಸರಾಸರಿ 18 ಡಿಗ್ರಿ, ರಾತ್ರಿ 2 ಡಿಗ್ರಿಯ ಆಸುಪಾಸು. ಜಾಯನ್‌ನಲ್ಲಿ ಹಗಲು 25ನ್ನು ದಾಟುವುದುಂಟು. ದಪ್ಪನೆಯ ಒಂದೇ ಕೋಟಿನ ಬದಲು ತೆಳುವಾದ ಮೂರು ನಾಲ್ಕು ಬಟ್ಟೆಗಳನ್ನು ಒಂದರ ಮೇಲೊಂದು ತೊಟ್ಟು, ಹೊತ್ತು ಏರಿದಂತೆ ಕಳಚುತ್ತ ಹೋಗಬೇಕೆಂದು ಗೈಡ್‌ಗಳು ಪಟ್ಟುಹಿಡಿಯುವುದು ಇದೇ ಕಾರಣಕ್ಕೆ.

ಎಲೆಗಳು ಬಣ್ಣ ತಿರುಗುವುದೂ ಇದೇ ಮೆಟ್ಟಿಲಸಾಲಿನ ಪ್ರಕಾರ. ಎತ್ತರದ ಕೈಬಾಬ್ ಪ್ರಸ್ಥಭೂಮಿಯಲ್ಲಿ ಆಸ್ಪೆನ್ ಮರಗಳು ಸೆಪ್ಟೆಂಬರ್ ಕೊನೆಯಲ್ಲೇ ಹಳದಿಯಾಗಿ ಅಕ್ಟೋಬರ್ ನಡುವಿಗೆ ಬೋಳಾಗತೊಡಗುತ್ತವೆ. ಜಾಯನ್‌ನ ವರ್ಜಿನ್ ನದಿಯ ದಡದ ಕಾಟನ್‌ವುಡ್ ಮರಗಳು ಚಿನ್ನದ ಬಣ್ಣಕ್ಕೆ ಬರುವುದು ಅಕ್ಟೋಬರ್ ಕೊನೆ ಅಥವಾ ನವೆಂಬರ್ ಮೊದಲ ವಾರದಲ್ಲಿ. ಎರಡನ್ನೂ ತುಂಬು ಬಣ್ಣದಲ್ಲಿ ಒಂದೇ ಪ್ರವಾಸದಲ್ಲಿ ತೋರಿಸುತ್ತೇವೆ ಎಂದು ಯಾರಾದರೂ ಹೇಳಿದರೆ ಸ್ವಲ್ಪ ಅನುಮಾನಿಸುವುದು ಒಳ್ಳೆಯದು. ಎತ್ತರದ ಲೆಕ್ಕದಲ್ಲಿ ಇವೆರಡರ ನಡುವೆ, ಹೆಚ್ಚಿನ ಪ್ರವಾಸಗಳು ಬಿಟ್ಟುಬಿಡುವ ಕ್ಯಾಪಿಟಲ್ ರೀಫ್ ಉದ್ಯಾನವಿದೆ. ಅಲ್ಲಿಯ ಫ್ರೂಟಾ ಎಂಬ ಹಳೆಯ ಹಳ್ಳಿಯಲ್ಲಿ ಮಾರ್ಮನ್ ಎಂಬ ಕ್ರೈಸ್ತ ಪಂಥದ ವಲಸಿಗರು 1880ರ ದಶಕದಲ್ಲಿ ಹಾಕಿದ ಹಣ್ಣಿನ ತೋಟಗಳನ್ನು ಉದ್ಯಾನ ಇಲಾಖೆಯೇ ಇಂದಿಗೂ ಉಳಿಸಿಕೊಂಡಿದೆ. ಸೆಪ್ಟೆಂಬರ್‌ನಿಂದ ಅಕ್ಟೋಬರ್‌ವರೆಗೆ ಸೇಬು ಮಾಗುವ ಕಾಲ. ಕೊಯ್ಲಿಗೆ ತೆರೆದ ತೋಟದಲ್ಲಿ ನಾವೇ ಕಿತ್ತು, ಅಲ್ಲೇ ತಿಂದು, ಒಯ್ಯುವುದನ್ನು ಮಾತ್ರ ತೂಗಿ ಹಣ ಕೊಡಬಹುದು. ಇಷ್ಟು ಸರಳವಾದ ಸುಖವನ್ನು ಪ್ರವಾಸ ಕಂಪನಿಗಳು ಯಾಕೆ ಬಿಡುತ್ತವೆಯೋ ತಿಳಿಯದು.

ಶರತ್ಕಾಲವನ್ನು ಆರಿಸಿಕೊಳ್ಳಲು ಎಲೆಯ ಬಣ್ಣಕ್ಕಿಂತ ಗಟ್ಟಿಯಾದ ಕಾರಣ ನೀರು. ಇಲ್ಲಿಯೂ ಮಾನ್ಸೂನ್ ಇದೆ. ಅಮೆರಿಕದ ಹವಾಮಾನ ಸೇವೆ ಅದರ ಅವಧಿಯನ್ನು ಜೂನ್ 15ರಿಂದ ಸೆಪ್ಟೆಂಬರ್ 30ರವರೆಗೆ ಎಂದು ಲೆಕ್ಕಹಾಕುತ್ತದೆ. ಆದರೆ ಇದು ನಮ್ಮ ಮುಂಗಾರಿನಂತೆ ದಿನಗಟ್ಟಲೆ ಜಡಿಯುವ ಮಳೆಯಲ್ಲ. ದಕ್ಷಿಣದಿಂದ ಬಂದ ತೇವದ ಗಾಳಿ ಕಾದ ನೆಲದ ಮೇಲೆ ಮಧ್ಯಾಹ್ನದ ಹೊತ್ತಿಗೆ ಗುಡುಗುಮೋಡವಾಗಿ, ಒಂದು ಬೆಟ್ಟದ ಮೇಲೆ ಅರ್ಧ ಗಂಟೆ ಸುರಿದು, ಪಕ್ಕದ ಬೆಟ್ಟವನ್ನು ಒಣಗಿದಂತೆಯೇ ಬಿಟ್ಟು ಹೋಗುತ್ತದೆ. ಆ ಅರ್ಧ ಗಂಟೆಯ ಮಳೆಯನ್ನು ಹೀರಿಕೊಳ್ಳಲು ಅಲ್ಲಿ ಮಣ್ಣಿಲ್ಲ, ತಡೆಯಲು ಗಿಡಮರಗಳಿಲ್ಲ. ಇರುವುದು ಬೋಳು ಬಂಡೆ. ಬಿದ್ದ ನೀರೆಲ್ಲ ಜಾರಿ, ಹಳ್ಳಕ್ಕೆ ಸೇರಿ, ಹಳ್ಳಗಳು ಕೂಡಿ, ಕೊನೆಗೆ ಎರಡು ಮೂರು ಮೀಟರ್ ಅಗಲದ ಒಂದು ಕಮರಿಯೊಳಗೆ ನುಗ್ಗುತ್ತವೆ. ಮಳೆ ಬಿದ್ದ ಜಾಗ ಹಲವು ಕಿಲೋಮೀಟರ್ ದೂರದಲ್ಲಿರಬಹುದು. ಕಮರಿಯೊಳಗೆ ನಿಂತವರ ತಲೆಯ ಮೇಲೆ ಆಕಾಶ ನಿರ್ಮಲವಾಗಿರುವಾಗಲೇ ಕೆಸರು, ಮರದ ದಿಮ್ಮಿ, ಕಲ್ಲುಗಳನ್ನು ಹೊತ್ತ ನೀರಿನ ಗೋಡೆ ತಿರುವಿನಲ್ಲಿ ಕಾಣಿಸಿಕೊಳ್ಳುತ್ತದೆ.

1997ರ ಆಗಸ್ಟ್ 12ರಂದು ಅರಿಜೋನಾದ ಪೇಜ್ ಪಟ್ಟಣದ ಬಳಿಯ ಲೋವರ್ ಆ್ಯಂಟಿಲೋಪ್ ಕ್ಯಾನ್ಯನ್‌ನಲ್ಲಿ ಹೀಗೆಯೇ ಆಯಿತು. ಮೇಲ್ಹರಿವಿನ ಕಡೆ ದೂರದಲ್ಲಿ ಬಿದ್ದ ಮಳೆಯ ನೀರು ಬಂದು ಹನ್ನೊಂದು ಪ್ರವಾಸಿಗರು ಸತ್ತರು. ಒಳಗಿದ್ದವರಲ್ಲಿ ಗೈಡ್ ಒಬ್ಬರೇ ಬದುಕುಳಿದರು. ಆಗ ಅಲ್ಲಿ ಇಳಿಯಲು ಇದ್ದವು ಮರದ ಏಣಿಗಳು, ಅವೂ ಕೊಚ್ಚಿಹೋದವು. ಈಗ ಬಂಡೆಗೆ ಬೋಲ್ಟ್ ಹಾಕಿ ಕೂರಿಸಿದ ಲೋಹದ ಮೆಟ್ಟಿಲುಗಳಿವೆ, ಮೇಲಿನಿಂದ ಇಳಿಬಿಡಲು ಬಲೆಗಳಿವೆ, ಹವಾಮಾನ ರೇಡಿಯೊ ಮತ್ತು ಎಚ್ಚರಿಕೆಯ ಸೈರನ್ ಇದೆ. ಜಾಯನ್‌ನಲ್ಲಿ ದುರಂತ ಸಂಭವಿಸಿದ್ದು ಶರತ್ಕಾಲದ ಹೊಸ್ತಿಲಿನಲ್ಲಿ: 2015ರ ಸೆಪ್ಟೆಂಬರ್ 14ರಂದು ಕೀಹೋಲ್ ಕ್ಯಾನ್ಯನ್ ಎಂಬ ಕಿರಿದಾದ ಕಮರಿಯಲ್ಲಿ ಹಗ್ಗ ಹಿಡಿದು ಇಳಿಯುತ್ತಿದ್ದ ಏಳು ಮಂದಿಯ ತಂಡ ಪೂರ್ತಿಯಾಗಿ ನೀರುಪಾಲಾಯಿತು. ಆದುದರಿಂದ ಸೆಪ್ಟೆಂಬರ್ ಬಂದೊಡನೆ ಅಪಾಯ ಮುಗಿಯಿತೆಂದು ತಿಳಿಯುವಂತಿಲ್ಲ. ಅಕ್ಟೋಬರ್‌ಗೆ ಕಾಲಿಟ್ಟ ಮೇಲೆ ಹವೆ ಸಾಮಾನ್ಯವಾಗಿ ಒಣಗುತ್ತದೆ, ನದಿ ತಿಳಿಯಾಗುತ್ತದೆ. ಆಗಲೂ ಅಪರೂಪಕ್ಕೆ ಚಂಡಮಾರುತದ ಬಾಲವೊಂದು ಮೆಕ್ಸಿಕೊ ಕಡೆಯಿಂದ ಇತ್ತ ತಿರುಗುವುದುಂಟು.

ಸ್ಲಾಟ್ ಕ್ಯಾನ್ಯನ್ ಎಂದು ಕರೆಯುವ ಈ ಕಿರುಗಮರಿಗಳನ್ನು ಕೊರೆದದ್ದೂ ಅದೇ ಪ್ರವಾಹಗಳು. ನವಾಹೊ ಮರಳುಗಲ್ಲಿನಲ್ಲಿ ಉದ್ದುದ್ದ ಬಿರುಕುಗಳಿವೆ. ಬಿರುಕಿಗೆ ಸಿಕ್ಕ ಪ್ರವಾಹದ ನೀರು ತಾನು ಹೊತ್ತು ತಂದ ಮರಳಿನಿಂದಲೇ ಗೋಡೆಗಳನ್ನು ಉಜ್ಜುತ್ತದೆ. ತಿರುವುಗಳಲ್ಲಿ ಸುಳಿಯಾಗಿ ಬಂಡೆಯನ್ನು ಬಳುಕಿಸುತ್ತದೆ. ಲೋವರ್ ಆ್ಯಂಟಿಲೋಪ್‌ನ ಬಾಗಿಲು ನೆಲದಲ್ಲಿ ಬಾಯಿಬಿಟ್ಟ ಒಂದು ಸೀಳು ಅಷ್ಟೇ, ದಾಟಿ ಹೋಗುವಷ್ಟು ಕಿರಿದು. ಗೈಡ್ ಹಿಂದೆ ಕಡಿದಾದ ಮೆಟ್ಟಿಲುಗಳಲ್ಲಿ ಹಿಮ್ಮುಖವಾಗಿ ಇಳಿದರೆ, ಭುಜದ ಎತ್ತರದಲ್ಲಿ ಎರಡು ಕಡೆಯ ಗೋಡೆಯೂ ಕೈಗೆ ತಾಗುತ್ತದೆ. ಮೇಲಂಚಿಗೆ ಬಿದ್ದ ಬಿಸಿಲು ಗೋಡೆಯಿಂದ ಗೋಡೆಗೆ ತಾಗುತ್ತ ಇಳಿಯುವಾಗ ಹಳದಿ ಕಿತ್ತಳೆಯಾಗಿ, ಕಿತ್ತಳೆ ಕೆಂಪಾಗಿ, ತಳದ ನೆರಳಿನಲ್ಲಿ ನೇರಳೆಯಾಗುತ್ತದೆ. ಗೈಡ್ ನಮ್ಮ ಫೋನನ್ನು ಕೇಳಿ ಪಡೆದು, ಕ್ಯಾಮೆರಾದ ಬಣ್ಣದ ಹೊಂದಿಕೆಯನ್ನು ತಾವೇ ಬದಲಾಯಿಸಿ, ಯಾವ ತಿರುವಿನಲ್ಲಿ ಯಾವ ಕೋನಕ್ಕೆ ಹಿಡಿಯಬೇಕೆಂದು ತೋರಿಸಿಕೊಡುತ್ತಾರೆ. ಗಾಳಿ ಬೀಸಿದಾಗ ಮೇಲಿನಿಂದ ನವಿರಾದ ಮರಳು ತಲೆಯ ಮೇಲೆ ಉದುರುತ್ತದೆ.

ಇಲ್ಲಿ ಶರತ್ಕಾಲಕ್ಕೆ ಸಂಬಂಧಿಸಿದ ಒಂದು ಸೂಕ್ಷ್ಮವಿದೆ. ಚಿತ್ರಗಳಲ್ಲಿ ಪ್ರಸಿದ್ಧವಾಗಿರುವ ನೆಟ್ಟನೆಯ ಬೆಳಕಿನ ಕೋಲು ಕಾಣುವುದು ಅಪ್ಪರ್ ಆ್ಯಂಟಿಲೋಪ್‌ನಲ್ಲಿ; ಅದು ತಳದಲ್ಲಿ ಅಗಲ, ಮೇಲೆ ಕಿರಿದು, ಆದುದರಿಂದ ಸೂರ್ಯ ನೆತ್ತಿಗೆ ಬಂದಾಗ ಮಾತ್ರ ಬೆಳಕು ತಳ ಮುಟ್ಟುತ್ತದೆ. ಮಾರ್ಚ್ ನಡುವಿನಿಂದ ಅಕ್ಟೋಬರ್ ಆರಂಭದವರೆಗೆ ಸೂರ್ಯ ಅಷ್ಟು ಎತ್ತರದಲ್ಲಿರುತ್ತಾನೆ, ಆಮೇಲೆ ಇಲ್ಲ. ಅಕ್ಟೋಬರ್ ಕೊನೆಯಲ್ಲಿ ಹೋಗಿ ಬೆಳಕಿನ ಕೋಲು ಕಾಣಲಿಲ್ಲವೆಂದು ಬೇಸರಿಸುವವರಿದ್ದಾರೆ. ಲೋವರ್ ಆ್ಯಂಟಿಲೋಪ್ ಮೇಲೆ ಅಗಲವಾಗಿ ತಳದಲ್ಲಿ ಕಿರಿದಾಗಿರುವುದರಿಂದ ಅಲ್ಲಿ ಇಳಿಬಿಸಿಲೂ ಸಾಕು. ನನ್ನ ಮಟ್ಟಿಗೆ ಶರತ್ಕಾಲಕ್ಕೆ ಅದೇ ಮೇಲು. ಆದರೆ ಮಂಡಿನೋವಿರುವ ಹಿರಿಯರು ಜೊತೆಯಲ್ಲಿದ್ದರೆ ಕಮರಿಯೊಳಗೆ ಸಮನೆಲವಿರುವ ಅಪ್ಪರ್ ಆ್ಯಂಟಿಲೋಪ್‌ಗೇ ಹೋಗಬೇಕು.

ಜಾಯನ್ ಕಮರಿ ಕಿರಿದಾಗುವ ನ್ಯಾರೋಸ್ ಎಂಬ ಭಾಗದಲ್ಲಿ ಕಾಲುದಾರಿ ಎಂಬುದೇ ಇಲ್ಲ. ವರ್ಜಿನ್ ನದಿಯೇ ದಾರಿ. ಇಕ್ಕೆಲದಲ್ಲಿ ಮುನ್ನೂರು ಮೀಟರ್ ಎತ್ತರದ ಗೋಡೆಗಳು, ಕೆಲವು ಕಡೆ ಅವುಗಳ ನಡುವಿನ ಅಂತರ ಆರೇ ಮೀಟರ್. ಶರತ್ಕಾಲದಲ್ಲಿ ನೀರು ಕಡಿಮೆಯಿದ್ದು ತಳದ ಕಲ್ಲು ಕಾಣುವುದರಿಂದ ನಡೆಯಲು ಇದು ಒಳ್ಳೆಯ ಕಾಲ. ಹರಿವು ಸೆಕೆಂಡಿಗೆ 150 ಘನ ಅಡಿಯನ್ನು ಮೀರಿದರೆ ಉದ್ಯಾನದವರು ದಾರಿಯನ್ನು ಮುಚ್ಚುತ್ತಾರೆ. ಉದ್ಯಾನದ ಹೊರಬಾಗಿಲಿಗೆ ತಾಗಿದ ಸ್ಪ್ರಿಂಗ್‌ಡೇಲ್ ಊರಿನ ಅಂಗಡಿಗಳಲ್ಲಿ ನೀರಿನಲ್ಲಿ ಜಾರದ ಬೂಟು, ನಿಯೋಪ್ರಿನ್ ಕಾಲುಚೀಲ, ಎದೆಯೆತ್ತರದ ಮರದ ಕೋಲು ಬಾಡಿಗೆಗೆ ಸಿಗುತ್ತವೆ. ಅಕ್ಟೋಬರ್ ಕಳೆಯುತ್ತ ಬಂದಂತೆ ನೀರು ಹತ್ತು ಡಿಗ್ರಿಗಿಂತ ಕೆಳಗಿಳಿಯುವುದರಿಂದ ಒದ್ದೆಯಾಗದ ಪೂರ್ಣ ಉಡುಪನ್ನೂ ಕೊಡುತ್ತಾರೆ. ಕೋಲನ್ನು ಹರಿವಿನ ಎದುರು ದಿಕ್ಕಿಗೆ ಊರಿ, ಅದು ಗಟ್ಟಿಯಾಗಿ ನಿಂತ ಮೇಲಷ್ಟೇ ಕಾಲೆತ್ತಬೇಕು. ಉರುಟು ಕಲ್ಲುಗಳ ಮೇಲೆ ಪಾಚಿ ಕಟ್ಟಿರುತ್ತದೆ. ನಡೆಯುತ್ತಲೇ ಗೈಡ್ ನೀರಿನ ಬಣ್ಣವನ್ನು ಗಮನಿಸುತ್ತಿರುತ್ತಾರೆ. ತಿಳಿನೀರು ಇದ್ದಕ್ಕಿದ್ದಂತೆ ಕದಡಿದರೆ, ಕಡ್ಡಿ ಎಲೆಗಳು ಗುಂಪಾಗಿ ತೇಲಿ ಬರತೊಡಗಿದರೆ, ಮೇಲಿನಿಂದ ಗುಡುಗುಟ್ಟುವ ಸದ್ದು ಕೇಳಿದರೆ, ಹಿಂದಕ್ಕೆ ಓಡದೆ ಹತ್ತಿರದ ಎತ್ತರದ ದಿಣ್ಣೆಗೆ ಏರಬೇಕು. ಪ್ರವಾಹದ ವೇಗದ ಮುಂದೆ ಓಡಿ ಗೆಲ್ಲಲಾಗದು. ಅಂದಿನ ದಿನ ಇಳಿಯಬೇಕೋ ಬೇಡವೋ ಎಂಬುದನ್ನು ಹವಾಮಾನ ಸೇವೆ ಪ್ರತಿದಿನ ಪ್ರಕಟಿಸುವ ಪ್ರವಾಹ ಸಂಭಾವ್ಯತೆಯ ಸೂಚನೆಯನ್ನು ನೋಡಿ ತೀರ್ಮಾನಿಸುತ್ತಾರೆ. ಹಣ ಕೊಟ್ಟಾಗಿದೆ, ಹೇಗಾದರೂ ಕರೆದೊಯ್ಯಿರಿ ಎಂದು ಗೈಡ್ ಮೇಲೆ ಒತ್ತಡ ಹಾಕುವುದು ಅತ್ಯಂತ ಕೆಟ್ಟ ಅಭ್ಯಾಸ.

ಗೈಡ್ ಎಲ್ಲಿ ಕಡ್ಡಾಯ, ಎಲ್ಲಿ ಐಚ್ಛಿಕ ಎಂಬುದು ನೆಲ ಯಾರದು ಎನ್ನುವುದರ ಮೇಲೆ ನಿಂತಿದೆ. ಗ್ರ್ಯಾಂಡ್ ಕ್ಯಾನ್ಯನ್, ಜಾಯನ್, ಬ್ರೈಸ್, ಆರ್ಚಸ್, ಕ್ಯಾನ್ಯನ್‌ಲ್ಯಾಂಡ್ಸ್ ಎಲ್ಲವೂ ಒಕ್ಕೂಟ ಸರ್ಕಾರದ ರಾಷ್ಟ್ರೀಯ ಉದ್ಯಾನ ಸೇವೆಯ ಕೈಯಲ್ಲಿವೆ. ಇಲ್ಲಿ ಗೈಡ್ ಬೇಕೆಂಬ ನಿಯಮವಿಲ್ಲ, ರೇಂಜರ್‌ಗಳ ಉಚಿತ ಉಪನ್ಯಾಸ, ನಡಿಗೆಗಳೂ ಇರುತ್ತವೆ. ಹಣ ಪಡೆದು ಜನರನ್ನು ಕರೆತರುವ ಕಂಪನಿಗಳು ಮಾತ್ರ ಉದ್ಯಾನದಿಂದ ಪರವಾನಗಿ ಪಡೆದಿರಬೇಕು. ಆ್ಯಂಟಿಲೋಪ್ ಕ್ಯಾನ್ಯನ್ ಮತ್ತು ಮಾನ್ಯುಮೆಂಟ್ ವ್ಯಾಲಿ ಇರುವುದು ನವಾಹೊ ನೇಷನ್‌ನಲ್ಲಿ. ಸುಮಾರು 71,000 ಚದರ ಕಿಲೋಮೀಟರ್ ವಿಸ್ತಾರದ ಈ ನೆಲ ತನ್ನದೇ ಸರ್ಕಾರ, ನ್ಯಾಯಾಲಯ, ಪೊಲೀಸ್ ವ್ಯವಸ್ಥೆಯುಳ್ಳ ಮೂಲನಿವಾಸಿ ಜನಾಂಗದ್ದು. ಆ್ಯಂಟಿಲೋಪ್‌ಗೆ ನವಾಹೊ ಪರವಾನಗಿಯ ಗೈಡ್ ಇಲ್ಲದೆ ಯಾರನ್ನೂ ಇಳಿಸುವುದಿಲ್ಲ. ಮಾನ್ಯುಮೆಂಟ್ ವ್ಯಾಲಿಯಲ್ಲಿ 27 ಕಿಲೋಮೀಟರ್ ಮಣ್ಣುರಸ್ತೆಯಲ್ಲಿ ನಾವೇ ಕಾರು ಓಡಿಸಬಹುದು, ಅದರಾಚೆಯ ಕಣಿವೆಗಳಿಗೆ ಗೈಡ್ ಬೇಕು. ಕ್ಯಾನ್ಯನ್ ಡಿ ಶೇ ಎಂಬಲ್ಲಿ ಎರಡೂ ವ್ಯವಸ್ಥೆಗಳು ಕಲೆತಿವೆ: ಉಸ್ತುವಾರಿ ಉದ್ಯಾನ ಸೇವೆಯದು, ನೆಲ ನವಾಹೊ ಜನರದು, ಕಮರಿಯ ತಳದಲ್ಲಿ ಇಂದಿಗೂ ಅವರ ಹೊಲಮನೆಗಳಿವೆ, ಆದುದರಿಂದ ಅಂಚಿನಿಂದ ಯಾರು ಬೇಕಾದರೂ ನೋಡಬಹುದು, ತಳಕ್ಕೆ ನವಾಹೊ ಗೈಡ್ ಜೊತೆಗೇ ಹೋಗಬೇಕು. ಬೇರೆಯವರ ಅಂಗಳಕ್ಕೆ ಹೋಗುವಾಗ ಮನೆಯವರು ಜೊತೆಗಿರುವುದು ನ್ಯಾಯವಾದದ್ದೇ.

ಜನಸಂದಣಿಯನ್ನು ತಡೆಯಲು ಲಾಟರಿ ಮೂಲಕ ಕೊಡುವ ಪರವಾನಗಿಗಳು ಇನ್ನೊಂದು ಬಗೆ. ಜಾಯನ್‌ನಲ್ಲಿ ಸರಪಳಿ ಹಿಡಿದು ಏರುವ ಏಂಜಲ್ಸ್ ಲ್ಯಾಂಡಿಂಗ್‌ಗೆ 2022ರ ಏಪ್ರಿಲ್‌ನಿಂದ ಈ ಪರವಾನಗಿ ಬೇಕು. ಅಲೆಯಂತೆ ಬಳುಕಿದ ಬಂಡೆಗಳಿರುವ ದ ವೇವ್ ಎಂಬ ಸ್ಥಳಕ್ಕೆ ದಿನಕ್ಕೆ ಗರಿಷ್ಠ 64 ಮಂದಿಗಷ್ಟೇ ಅವಕಾಶ. ಇವೆರಡನ್ನೂ ಖಚಿತವಾಗಿ ತೋರಿಸುತ್ತೇವೆಂದು ಮುಂಗಡ ಪಡೆಯುವವರಿಂದ ದೂರವಿರಿ.

ಪ್ರವೇಶ ಶುಲ್ಕದ ವಿಚಾರದಲ್ಲಿ ಭಾರತದಿಂದ ಹೋಗುವವರು ತಿಳಿಯಬೇಕಾದ ಹೊಸ ಬದಲಾವಣೆಯೊಂದಿದೆ. 2026ರ ಜನವರಿ 1ರಿಂದ ಅಮೆರಿಕದ ನಿವಾಸಿಗಳಲ್ಲದವರು ಹನ್ನೊಂದು ಜನಪ್ರಿಯ ಉದ್ಯಾನಗಳಲ್ಲಿ ಸಾಮಾನ್ಯ ಶುಲ್ಕದ ಮೇಲೆ ತಲಾ 100 ಡಾಲರ್ ಹೆಚ್ಚುವರಿ ಕೊಡಬೇಕು. ಗ್ರ್ಯಾಂಡ್ ಕ್ಯಾನ್ಯನ್, ಜಾಯನ್, ಬ್ರೈಸ್ ಮೂರೂ ಆ ಪಟ್ಟಿಯಲ್ಲಿವೆ. ನಿವಾಸಿಗಳಿಗೆ 80 ಡಾಲರ್‌ಗೆ ಸಿಗುವ ವಾರ್ಷಿಕ ಪಾಸ್ ಅಲ್ಲಿಯ ನಿವಾಸಿಗಳಲ್ಲದವರಿಗೆ 250 ಡಾಲರ್. ಮಕ್ಕಳ ಮನೆಗೆಂದು ಸಂದರ್ಶಕ ವೀಸಾದಲ್ಲಿ ಹೋಗಿರುವ ತಂದೆ ತಾಯಿಯರನ್ನು ಕರೆದುಕೊಂಡು ಮೂರು ಉದ್ಯಾನ ಸುತ್ತುವ ಕುಟುಂಬಕ್ಕೆ ಈ ಲೆಕ್ಕ ಸಣ್ಣದಲ್ಲ. ಪ್ರವಾಸದ ದರದಲ್ಲಿ ಈ ಹೆಚ್ಚುವರಿ ಸೇರಿದೆಯೇ ಎಂದು ಬುಕಿಂಗ್‌ಗೆ ಮುನ್ನ ಲಿಖಿತವಾಗಿ ಕೇಳುವುದು ಲೇಸು. ಕ್ಯಾಪಿಟಲ್ ರೀಫ್, ಆರ್ಚಸ್, ಕ್ಯಾನ್ಯನ್‌ಲ್ಯಾಂಡ್ಸ್ ಆ ಹನ್ನೊಂದರಲ್ಲಿಲ್ಲ. ನವಾಹೊ ನೆಲದ ಶುಲ್ಕ ಪ್ರತ್ಯೇಕ, ಅಲ್ಲಿ ಉದ್ಯಾನ ಪಾಸ್ ನಡೆಯುವುದಿಲ್ಲ.

ಶರತ್ಕಾಲಕ್ಕೇ ಅಂಟಿಕೊಂಡ ಇನ್ನೊಂದು ತೊಡಕು ವಾಷಿಂಗ್ಟನ್‌ನಿಂದ ಬರುತ್ತದೆ. ಅಮೆರಿಕದ ಒಕ್ಕೂಟ ಸರ್ಕಾರದ ಹಣಕಾಸು ವರ್ಷ ಅಕ್ಟೋಬರ್ 1ಕ್ಕೆ ಶುರುವಾಗುತ್ತದೆ; ಅಷ್ಟರೊಳಗೆ ಅಲ್ಲಿಯ ಸಂಸತ್ತು ಹಣ ಮಂಜೂರು ಮಾಡದಿದ್ದರೆ ಇಲಾಖೆಗಳ ಕೆಲಸ ಸ್ಥಗಿತ. 2013ರ ಅಕ್ಟೋಬರ್‌ನಲ್ಲಿ ಹೀಗೆ ರಾಷ್ಟ್ರೀಯ ಉದ್ಯಾನಗಳ ಗೇಟುಗಳೇ ಮುಚ್ಚಿದ್ದವು. ಪ್ರವಾಸಿಗರನ್ನು ನಂಬಿದ ಊರುಗಳ ಗೋಳು ನೋಡಲಾರದೆ ಯೂಟಾ ರಾಜ್ಯ ತನ್ನ ಖಜಾನೆಯಿಂದ ಹಣ ಕೊಟ್ಟು ತೆರೆಸಿತು. 2025ರಲ್ಲಿ ಅಕ್ಟೋಬರ್ 1ರಿಂದ ನವೆಂಬರ್ 12ರವರೆಗೆ ಮತ್ತೆ ಸ್ಥಗಿತವಾದಾಗ ಹೆಚ್ಚಿನ ಉದ್ಯಾನಗಳು ತೆರೆದೇ ಇದ್ದವು, ಆದರೆ ಸಿಬ್ಬಂದಿ ಕಡಿಮೆಯಿದ್ದರು. ನವಾಹೊ ಉದ್ಯಾನಗಳಿಗೆ ಈ ಜಗಳದ ಬಿಸಿ ನೇರವಾಗಿ ತಟ್ಟುವುದಿಲ್ಲ. ಅನುಭವಿ ಗೈಡ್‌ಗಳು ಇಂತಹ ಸಂದರ್ಭಕ್ಕೆಂದು ಬುಡಕಟ್ಟು ಮತ್ತು ರಾಜ್ಯ ಉದ್ಯಾನಗಳ ಪರ್ಯಾಯ ದಾರಿಯನ್ನು ಮೊದಲೇ ಯೋಚಿಸಿಟ್ಟಿರುತ್ತಾರೆ.

ಗಡಿಯಾರದ ಗೊಂದಲ ಇದಕ್ಕಿಂತ ತಮಾಷೆಯದು, ಆದರೆ ಅದರಿಂದ ಟಿಕೆಟ್ ಕಳೆದುಕೊಂಡವರು ಅನೇಕರು. ಬೇಸಿಗೆಯಲ್ಲಿ ಗಡಿಯಾರವನ್ನು ಒಂದು ಗಂಟೆ ಮುಂದಿಡುವ ಪದ್ಧತಿಯನ್ನು ಯೂಟಾ ಪಾಲಿಸುತ್ತದೆ, ಅರಿಜೋನಾ ಪಾಲಿಸುವುದಿಲ್ಲ. ಅರಿಜೋನಾದೊಳಗಿನ ನವಾಹೊ ನೇಷನ್ ಪಾಲಿಸುತ್ತದೆ, ಅದರ ನಡುವೆ ಇರುವ ಹೋಪಿ ಜನರ ನೆಲ ಪಾಲಿಸುವುದಿಲ್ಲ. ನವೆಂಬರ್‌ನ ಮೊದಲ ಭಾನುವಾರದವರೆಗೂ ಈ ಸ್ಥಿತಿ ಇರುತ್ತದೆ. ಆ್ಯಂಟಿಲೋಪ್ ಕ್ಯಾನ್ಯನ್ ನವಾಹೊ ನೆಲದಲ್ಲಿದ್ದರೂ ಅಲ್ಲಿಯ ಪ್ರವಾಸಗಳು ಪಕ್ಕದ ಪೇಜ್ ಪಟ್ಟಣದ, ಅಂದರೆ ಅರಿಜೋನಾದ ಸಮಯಕ್ಕೆ ನಡೆಯುತ್ತವೆ. ಫೋನ್ ಯಾವ ಟವರ್ ಹಿಡಿಯಿತೋ ಆ ಸಮಯ ತೋರಿಸುವುದರಿಂದ, ಆ ಭಾಗದಲ್ಲಿರುವಷ್ಟು ದಿನ ಅರಿಜೋನಾ ಸಮಯಕ್ಕೆ ಇಟ್ಟ ಕೈಗಡಿಯಾರವನ್ನೇ ನಂಬಬೇಕು.

ಗ್ರ್ಯಾಂಡ್ ಕ್ಯಾನ್ಯನ್‌ಗೆ ಬಂದವರಲ್ಲಿ ಹೆಚ್ಚಿನವರು ಅಂಚಿನಿಂದ ನೋಡಿ ಹಿಂತಿರುಗುತ್ತಾರೆ. 446 ಕಿಲೋಮೀಟರ್ ಉದ್ದ, ಕೆಲವು ಕಡೆ 29 ಕಿಲೋಮೀಟರ್ ಅಗಲದ ಆ ಕಮರಿಯ ಆಳ ಅಂಚಿನಿಂದ ಅರ್ಥವಾಗುವುದು ಕಷ್ಟ. ಒಂದು ಗಂಟೆಯಷ್ಟಾದರೂ ಕೆಳಗಿಳಿದರೆ ಅಂದಾಜು ಸಿಗುತ್ತದೆ. ಸೌತ್ ಕೈಬಾಬ್ ದಾರಿಯಲ್ಲಿ ಸೀಡರ್ ರಿಜ್‌ವರೆಗೆ 2.4 ಕಿಲೋಮೀಟರ್, ಇಳಿತ ಸುಮಾರು 350 ಮೀಟರ್. ಅರ್ಧ ದಿನದ ಗೈಡ್ ನಡಿಗೆಗಳು ಸಾಮಾನ್ಯವಾಗಿ ಅಲ್ಲಿಗೇ ನಿಲ್ಲುತ್ತವೆ, ಏಕೆಂದರೆ ಬೆಟ್ಟ ಹತ್ತುವಾಗ ಸುಸ್ತಾದರೆ ತಿರುಗಿ ಇಳಿಯಬಹುದು, ಇಲ್ಲಿ ಸುಸ್ತಾಗುವುದು ತಿರುಗಿ ಹತ್ತುವಾಗ. ಇಳಿಯಲು ಹಿಡಿದ ಹೊತ್ತಿನ ಎರಡರಷ್ಟನ್ನು ಹತ್ತಲು ಇಟ್ಟುಕೊಳ್ಳಬೇಕು. ಆ ದಾರಿಯಲ್ಲಿ ಕುಡಿಯುವ ನೀರು ಸಿಗುವುದಿಲ್ಲ. ಗೈಡ್‌ಗಳು ನೀರಿನ ಜೊತೆ ಉಪ್ಪಿನ ತಿಂಡಿಯನ್ನೂ ಬಲವಂತವಾಗಿ ತಿನ್ನಿಸುತ್ತಾರೆ: ಒಣ ಹವೆಯಲ್ಲಿ ಬೆವರು ಕಾಣದಂತೆ ಆರಿಹೋಗುತ್ತದೆ, ಬರೀ ನೀರನ್ನೇ ಕುಡಿಯುತ್ತ ಹೋದರೆ ರಕ್ತದ ಸೋಡಿಯಂ ಇಳಿದು ತಲೆಸುತ್ತು, ವಾಂತಿ, ಗೊಂದಲ ಕಾಣಿಸಿಕೊಂಡು ಪ್ರಾಣಕ್ಕೇ ಅಪಾಯವಾಗಬಹುದು. ಮನೆಯಿಂದ ಒಯ್ದ ಚಕ್ಕುಲಿ, ಕೋಡುಬಳೆ, ಖಾರದ ಅವಲಕ್ಕಿ ಇಲ್ಲಿ ಒಳ್ಳೆಯ ಕೆಲಸಕ್ಕೆ ಬರುತ್ತವೆ; ಸಣ್ಣ ಊರುಗಳಲ್ಲಿ ಸಸ್ಯಾಹಾರ ಸಿಗುವುದು ಕಷ್ಟವಾದ್ದರಿಂದ ಅವು ಬೇರೆ ಹೊತ್ತಿಗೂ ಬೇಕಾಗುತ್ತವೆ.

ನಾರ್ತ್ ರಿಮ್ ಬಗ್ಗೆ ಎರಡು ಮಾತು. ಸೌತ್ ರಿಮ್‌ನಿಂದ ನೋಡಿದರೆ ಎದುರಿಗೇ, ಹದಿನಾರು ಕಿಲೋಮೀಟರ್ ಆಚೆ ಕಾಣುವ ಆ ಅಂಚಿಗೆ ರಸ್ತೆಯಲ್ಲಿ ಸುಮಾರು 345 ಕಿಲೋಮೀಟರ್ ಸುತ್ತಬೇಕು. ಎತ್ತರ ಹೆಚ್ಚಾದ್ದರಿಂದ ಅಲ್ಲಿಯ ವಸತಿ ಅಕ್ಟೋಬರ್ ನಡುವಿಗೇ ಮುಚ್ಚುತ್ತಿತ್ತು. 2025ರ ಜುಲೈನಲ್ಲಿ ಡ್ರ್ಯಾಗನ್ ಬ್ರಾವೊ ಎಂಬ ಕಾಡ್ಗಿಚ್ಚಿಗೆ ಅಲ್ಲಿಯ ಐತಿಹಾಸಿಕ ಗ್ರ್ಯಾಂಡ್ ಕ್ಯಾನ್ಯನ್ ಲಾಡ್ಜ್ ಸುಟ್ಟುಹೋಯಿತು. ಹಳೆಯ ಕಾರ್ಯಕ್ರಮ ಪಟ್ಟಿಯನ್ನು ತಿದ್ದದೆ ಅಲ್ಲಿಯ ವಾಸ್ತವ್ಯವನ್ನು ಇನ್ನೂ ಜಾಹೀರಾತು ಮಾಡುತ್ತಿರುವವರು ಕಂಡರೆ ಪ್ರಶ್ನಿಸಬೇಕು.

ಆರ್ಚಸ್, ಕ್ಯಾನ್ಯನ್‌ಲ್ಯಾಂಡ್ಸ್ ಕಡೆ ಹೋದಾಗ ಗೈಡ್ ಹೇಳುವ ಮೊದಲ ಮಾತು ಕಾಲಿಡುವ ಜಾಗದ ಬಗ್ಗೆ ಇರುತ್ತದೆ. ದಾರಿಯ ಬದಿಯ ಮಣ್ಣಿನ ಮೇಲೆ ಕಪ್ಪಗೆ, ಉಬ್ಬುತಗ್ಗಾಗಿ ಕಾಣುವ ಹೆಕ್ಕಳೆ ಕಸವಲ್ಲ. ಸೈನೊಬ್ಯಾಕ್ಟೀರಿಯಾ, ಕಲ್ಲುಹೂವು, ಪಾಚಿಗಳು ಸೇರಿ ಕಟ್ಟಿದ ಜೀವಂತ ಪದರ ಅದು. ಗಾಳಿಗೆ ಮಣ್ಣು ಹಾರದಂತೆ ಹಿಡಿದಿಡುವುದೂ ನೀರನ್ನು ಉಳಿಸುವುದೂ ಅದರ ಕೆಲಸ. ಒಂದು ಹೆಜ್ಜೆಗೆ ಪುಡಿಯಾದದ್ದು ಮತ್ತೆ ಕಟ್ಟಿಕೊಳ್ಳಲು ದಶಕಗಳು ಬೇಕು. ಫೋಟೊಕ್ಕಾಗಿ ನಾಲ್ಕು ಹೆಜ್ಜೆ ಪಕ್ಕಕ್ಕೆ ಹೋಗಬೇಡಿ ಎಂದು ಗೈಡ್ ಗದರಿದರೆ ಕೋಪಿಸಿಕೊಳ್ಳಬಾರದು.

ವಾರಗಳನ್ನು ಆರಿಸುವ ವಿಚಾರಕ್ಕೆ ಬಂದರೆ, ಸೆಪ್ಟೆಂಬರ್‌ನ ಕೊನೆಯ ವಾರ ಎತ್ತರದ ಆಸ್ಪೆನ್‌ಗಳಿಗೆ ಸರಿ, ಸ್ಲಾಟ್ ಕ್ಯಾನ್ಯನ್‌ಗಳಿಗೆ ಅಷ್ಟು ಸರಿಯಲ್ಲ. ನವೆಂಬರ್ ನಡುವಿಗೆ ಹಗಲು ಹತ್ತು ಗಂಟೆಗೆ ಇಳಿಯುವುದರಿಂದ ದಿನಕ್ಕೆ ಎರಡು ಸ್ಥಳ ನೋಡುವುದು ಕಷ್ಟ, ಬ್ರೈಸ್‌ನಲ್ಲಿ ಹಿಮ ಬೀಳಬಹುದು, ಮುಸ್ಸಂಜೆಯಲ್ಲಿ ರಸ್ತೆಗೆ ಅಡ್ಡ ಬರುವ ಜಿಂಕೆಗಳ ಕಾಟ ಬೇರೆ. ಒಂದೇ ವಾರ ರಜೆಯಿದ್ದರೆ ನಾನು ಅಕ್ಟೋಬರ್‌ನ ಮೂರನೆಯ ಅಥವಾ ನಾಲ್ಕನೆಯ ವಾರವನ್ನು ಸೂಚಿಸುತ್ತೇನೆ: ಲಾಸ್ ವೇಗಸ್‌ನಲ್ಲಿ ಇಳಿದು, ಸುಮಾರು ಎರಡೂವರೆ ಗಂಟೆಯ ದಾರಿಯ ಜಾಯನ್‌ನಲ್ಲಿ ಎರಡು ರಾತ್ರಿ, ಬ್ರೈಸ್‌ನಲ್ಲಿ ಒಂದು, ಪೇಜ್‌ನಲ್ಲಿ ಒಂದು, ಸೌತ್ ರಿಮ್‌ನಲ್ಲಿ ಎರಡು. ಎಲ್ಲ ಸ್ಥಳಕ್ಕೂ ಗೈಡ್ ಇರುವ ಪೂರ್ಣ ಪ್ಯಾಕೇಜ್ ದುಬಾರಿ ಎನಿಸಿದರೆ ಅಂಚಿನ ವೀಕ್ಷಣಾ ಕಟ್ಟೆಗಳಿಗೆ, ಬ್ರೈಸ್‌ನ ಸೂರ್ಯೋದಯಕ್ಕೆ ನಾವೇ ಕಾರು ಮಾಡಿಕೊಂಡು ಹೋಗಿ, ನ್ಯಾರೋಸ್‌ಗೆ ಒಂದು ದಿನ ಮತ್ತು ಕೈಬಾಬ್ ದಾರಿಗೆ ಅರ್ಧ ದಿನ ಗೈಡ್ ಹಿಡಿಯಬಹುದು. ಆ್ಯಂಟಿಲೋಪ್‌ಗೆ ಹೇಗೂ ಗೈಡ್ ಬಂದೇ ಬರುತ್ತಾರೆ. ಅಲ್ಲಿಯ ಟಿಕೆಟ್ ಬೇಗ ಮುಗಿಯುವುದರಿಂದ ಪ್ರವಾಸದ ದಿನಾಂಕಗಳನ್ನು ಆ ಒಂದು ಟಿಕೆಟ್ ಸಿಕ್ಕ ಮೇಲೆ ಅದರ ಸುತ್ತ ಹೊಂದಿಸಿಕೊಳ್ಳುವುದು ಅನುಕೂಲ.